ಕುಣಿಯುವ ಮಷೀನು

ಗುಜರಿ ಗಾಡಿ ಹತ್ತಿದ್ದ ತಮ್ಮ ಹಳೇ ವಾಷಿಂಗ್ ಮಷೀನನ್ನು ಎದುರುಮನೆ ಅಜ್ಜಿ ಜಗಳವಾಡಿ ಇಳಿಸಿಕೊಂಡು ನನ್ನ ರಿಪೇರಿ ಅಂಗಡಿಗೆ ತಂದಿದ್ದರು. ತುಕ್ಕು ಕೆರೆದು, ಹೊಸ ಬೆಲ್ಟು ಹಾಕಿ, ಬಣ್ಣ ಬಳಿದು ಅದಕ್ಕೆ ಮತ್ತೆ ಜೀವ ತುಂಬಿದ್ದೆ. ಇವತ್ತು ಒಯ್ಯಲು ಅಜ್ಜಿಯ ಜೊತೆ ತಾತನೂ ಬಂದಿದ್ದರು.

"ಇನ್ನು ಕುಣಿಯಲ್ಲ ತಾನೇ?" ತಾತ ಗೊಣಗಿದರು. "ಬಟ್ಟೆ ಹಿಂಡುವಾಗ ರಕ್ಕಸಿ ಹಾಗೆ ಗುಡುಗುತ್ತಾ ಹೊಸಿಲವರೆಗೂ ಓಡ್ತಿತ್ತು. ಹಿಡಿದಿಡೋಕೆ ದಿನಾ ನಾವಿಬ್ಬರೂ ಮೇಲೆ ಹತ್ತಿ ಕೂರಬೇಕಿತ್ತು. ಅಷ್ಟೂ ಹೊತ್ತು ಇವಳ ಊರ ಸುದ್ದಿ ಬೇರೆ!"

"ಹೌದಪ್ಪಾ, ಪಾಪ, ಬಲು ಕಷ್ಟಪಟ್ಟಿರಿ," ಅಜ್ಜಿ ಮೂತಿ ತಿರುಗಿಸಿದರು.

"ಇನ್ನು ಕಲ್ಲುಕಂಬದ ಹಾಗೆ ನಿಲ್ಲುತ್ತೆ ತಾತ," ಎಂದೆ, ನಗು ತಡೆದುಕೊಂಡು.

ಅಜ್ಜಿಯ ಮುಖ ಬಾಡಿತು. ತಾತ ಆಟೋ ಕರೆಯಲು ಆಚೆ ಹೋದದ್ದೇ ತಡ, ನನ್ನ ಕಿವಿಗೆ ಬಾಯಿಟ್ಟರು.

"ಕಂದಾ, ಇದರದ್ದೊಂದು ಕಾಲು ಚೂರು ಸಡಿಲ ಮಾಡಿಬಿಡೇ. ನಮ್ಮೆಜಮಾನರು ನನ್ನ ಪಕ್ಕ ಕೂತು ಮಾತಾಡೋದು ಅದರ ಮೇಲೆ ಮಾತ್ರ. ಅವರಿಗೆ ಹೇಳ್ಬೇಡ, ಆಣೆ."

"ಬೇಕಿಲ್ಲ ಅಜ್ಜಿ," ಎಂದೆ. "ಬೆಳಿಗ್ಗೆ ತಾತನೇ ಬಂದು, ನಿಮಗೆ ಹೇಳಬಾರದು ಅಂತ ಆಣೆ ಹಾಕಿಸಿ, ಎರಡು ಕಾಲು ಸಡಿಲ ಮಾಡಿಸಿಕೊಂಡು ಹೋಗಿದ್ದಾರೆ."