ನಿಂತಾಗ ಬರುವ ನೋವು

"ಏಳ್ರಿ ಅಮ್ಮಾ, ಎಲ್ಲಾ ನಾರ್ಮಲ್ ಐತಿ" ಎಂದು ಸ್ಕ್ಯಾನಿಂಗ್ ಡಾಕ್ಟರು ರಿಪೋರ್ಟಿನಲ್ಲೂ ಹಾಗೇ ಬರೆದು, ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳಲು ಕಾಗದ ಕೊಟ್ಟರು. ಸೈದಾಬಿ ಒರೆಸಿಕೊಳ್ಳಲಿಲ್ಲ. ಕಾಗದವನ್ನು ಮುಷ್ಟಿಯಲ್ಲಿ ಹಿಡಿದು, ಮಂಚದಿಂದ ಇಳಿದು ಅಲ್ಲೇ ನಿಂತಳು. ಹಿಂದಿನ ಎರಡು ಸ್ಕ್ಯಾನಿನಲ್ಲೂ ಇದೇ ಮಾತು ಕೇಳಿ ಸುಮ್ಮನೆ ಮನೆಗೆ ಹೋಗಿದ್ದಳು.

"ನೋವು ಬರೂದು ನಾ ನಿಂತು ಚೀಲ ಎತ್ತುವಾಗ್ರಿ. ನೀವು ಮಲಗಿಸಿ ಹುಡುಕಾಕತ್ತೀರಿ."

"ಗ್ಯಾಸ್ ಇರಬೇಕ್ರಿ. ಹೊರಗ ಪೇಶಂಟ್ ಕಾಯಾಕತ್ತಾರ."

"ಕಾಯ್ಲಿ ಬಿಡ್ರಿ. ಬ್ಯಾಡಗಿ ಪ್ಯಾಟ್ಯಾಗ ಇಪ್ಪತ್ತು ವರ್ಷ ಮೆಣಸಿನಕಾಯಿ ಆರಿಸೇನಿ. ಚೀಲದ ಬಾಯಿ ಅಷ್ಟ ನೋಡಿ ಮಾಲು ಚಲೋ ಐತಿ ಅಂತ ಒಮ್ಮೆನೂ ಹೇಳಿಲ್ಲ, ತಳದ ಮಟ ಕೈ ಹಾಕೇನಿ. ಈಗ ಹಿಡೀರಿ ನಿಮ್ಮ ಮಷೀನು, ಇಲ್ಲಿ." ಹೊಕ್ಕಳ ಪಕ್ಕದಲ್ಲಿ ಬೆರಳಿಟ್ಟು ತೋರಿಸಿದಳು.

ಡಾಕ್ಟರು ಗಡಿಯಾರ ನೋಡಿ, ಒಲ್ಲದ ಮನಸ್ಸಿನಿಂದ ಅಲ್ಲಿಗೆ ಒತ್ತಿದರು. ಸೈದಾಬಿ ತುಂಬಿದ ಚೀಲ ಎತ್ತುವವಳಂತೆ ಉಸಿರು ಬಿಗಿಹಿಡಿದು ತಿಣುಕಿದಳು. ತೆರೆಯ ಮೇಲೆ ಕರುಳಿನ ತುಣುಕೊಂದು ಹೊಟ್ಟೆಯ ಗೋಡೆಯ ಸಂದಿಯಿಂದ ಹೊರಗೆ ನುಗ್ಗಿತು. ಉಸಿರು ಬಿಟ್ಟಳು, ಅದು ಒಳಗೆ ಸರಿದು ಮಾಯವಾಯಿತು.

"ಹರ್ನಿಯಾ" ಎಂದ ಡಾಕ್ಟರ ದನಿ ಇಳಿದಿತ್ತು. "ಇನ್ನೊಮ್ಮೆ ತಿಣುಕ್ರಿ ಅಮ್ಮಾ."

"ತಿಣುಕ್ತೇನ್ರಿ. ಮೊದಲ ಆ ನಾರ್ಮಲ್ ಅಂತ ಬರದದ್ದು ಅಳಸ್ರಿ."