ಯಾವುದು ಜಾಸ್ತಿ ನಡುಗುತ್ತೆ?

ಬೆಳಗಿನಿಂದ ನಿಂತೇ ಇದ್ದ ತಾರಿಣಿಗೆ ಹಿಮ್ಮಡಿಯ ನೋವು ಮಂಡಿಗೆ ಏರಿತ್ತು. ಗೇಮ್ ಅಂಗಡಿಗೆ ಬಂದ ಈ ಹಿರಿಯರಿಗೆ ಇದ್ದಬದ್ದ ಕನ್ಸೋಲ್‌ಗಳನ್ನೆಲ್ಲ ತೋರಿಸಿಯಾಗಿತ್ತು. ಚಿತ್ರ ಯಾವುದರಲ್ಲಿ ಚೆನ್ನ, ಆಟಗಳು ಯಾವುದಕ್ಕೆ ಹೆಚ್ಚು, ಕಂಪ್ಯೂಟರ್ ಯಾರಿಗೆ ವಾಸಿ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವುದನ್ನೇ ಮತ್ತೆ ಹೇಳಿದಳು. ಅವರು ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟುಕೊಂಡೇ ಕೇಳಿಸಿಕೊಂಡರು.

“ಅದೆಲ್ಲ ಇರಲಿ ಬಿಡಮ್ಮ. ಕೈಯಲ್ಲಿ ಹಿಡ್ಕೊಂಡು ಆಡೋ ಕಂಟ್ರೋಲರ್ ನಡುಗುತ್ತಂತಲ್ಲ, ಯಾವುದು ಜಾಸ್ತಿ ನಡುಗುತ್ತೆ?”

“ಇದು ಸರ್. ಕಾರ್ ರೇಸ್ ಹಾಕಿದ್ರೆ ಒಂದೇ ಸಮ ನಡುಗುತ್ತೆ. ಕಿರಿಕಿರಿ ಅನ್ಸಿದ್ರೆ ಆಫ್ ಮಾಡ್ಕೋಬಹುದು.”

“ಆಫ್ ಮಾಡೋದು ಬೇಡ. ಒಂದ್ಸಲ ಆಡಿ ನೋಡ್ಲಾ?”

ಅವಳು ರೇಸ್ ಹಾಕಿಕೊಟ್ಟಳು. ಅವರು ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದರು. ಕಾರು ಮೂರು ಸಲ ಗೋಡೆಗೆ ಗುದ್ದಿತು. ಅವರು ಪರದೆಯನ್ನು ನೋಡುತ್ತಲೇ ಇರಲಿಲ್ಲ, ತಮ್ಮ ಕೈಯನ್ನು ನೋಡಿಕೊಳ್ಳುತ್ತಿದ್ದರು.

“ಇದೇ ಕೊಡಮ್ಮ. ಮಗಳು ಶನಿವಾರ ಹಾಸ್ಟೆಲಿಂದ ಬರ್ತಾಳೆ. ಅವಳ ಪರೀಕ್ಷೆ ಮುಗಿಯೋವರೆಗೂ ವಾರಕ್ಕೊಂದ್ಸಲ ಜೊತೇಲಿ ಕೂತು ಆಡ್ತೀವಿ.”

“ಹಂಗಾದ್ರೆ ಎರಡು ಕಂಟ್ರೋಲರ್ ಬೇಕಲ್ವಾ ಸರ್? ಅವರಿಗೂ ನಡುಗೋದೇ ಕೊಡ್ಲಾ?”

“ಅವಳಿಗೆ ಯಾವುದಾದ್ರೂ ಆದೀತು. ನನ್ನದು ಮಾತ್ರ ನಡುಗ್ಬೇಕು.”

ಈ ವಯಸ್ಸಿನಲ್ಲಿ ಇದೆಂಥ ಶೋಕಿ ಎಂದುಕೊಳ್ಳುತ್ತ ಅವಳು ಆಟ ನಿಲ್ಲಿಸಿ ಸ್ವಿಚ್ ಆರಿಸಿದಳು. ಪರದೆ ಕಪ್ಪಾಯಿತು, ಕಂಟ್ರೋಲರಿನ ದೀಪವೂ ಆರಿತು. ಅವರ ಕೈಯಲ್ಲಿದ್ದ ಕಂಟ್ರೋಲರ್ ಇನ್ನೂ ನಡುಗುತ್ತಲೇ ಇತ್ತು.