ಮೊಣಕಾಲು ಮಡಿಸದ ಸಿಡಿಲರಾಯ

ತಂಗಿಯೊಂದಿಗೆ ಬಂದ ಅಭಿಮಾನಿ ಕಾಮಿಕ್ಸಿನ ಹೊಸ ಸಂಚಿಕೆಯನ್ನು ಸಂಪಾದಕರ ಮೇಜಿನ ಮೇಲೆ ಬಿಡಿಸಿಟ್ಟ. ಅದರ ಚಿತ್ರದಲ್ಲಿ, ಮಹಡಿಯಿಂದ ಬಿದ್ದ ಮಗುವನ್ನು ಕಥಾನಾಯಕ ಸಿಡಿಲರಾಯ ನೆಟ್ಟಗೆ ನಿಂತು ಹಿಡಿದಿದ್ದ.

"ಇದು ತಪ್ಪು ಸಾರ್. ನಮ್ಮ ಸಿಡಿಲರಾಯ ಯಾವತ್ತೂ ಹೀಗೆ ಹಿಡಿದಿಲ್ಲ. ಕೈ ಕೆಳಕ್ಕೆ ಬಿಡ್ತಾ, ಮೊಣಕಾಲು ಮಡಿಸ್ತಾ ಹಿಡೀತಿದ್ದ. ಹೀಗೆ ಕಲ್ಲುಕಂಬದ ಥರ ನಿಂತ್ರೆ ಪೆಟ್ಟೆಲ್ಲ ಮಗೂಗೇ. ಅದು ಉಳಿಯುತ್ತಾ?"

ಸಂಪಾದಕರು ನಕ್ಕರು. "ಅವನು ಹಾರ್ತಾನೆ, ಬೆಂಕಿ ನುಂಗ್ತಾನೆ. ಅದನ್ನೆಲ್ಲ ಒಪ್ಕೊಂಡು ಮೊಣಕಾಲಿಗೆ ಜಗಳಾನಾ?"

"ಹಾರ್ಲಿ, ನುಂಗ್ಲಿ. ಹಿಡಿಯುವಾಗ ಬಗ್ಗಲೇಬೇಕು."

"ಈಗಿನ ಮಕ್ಕಳಿಗೆ ಗತ್ತು ಬೇಕು ಸ್ವಾಮಿ. ಕುಕ್ಕರಗಾಲಲ್ಲಿ ಕೂರೋ ಹೀರೋನ ಯಾರು ನೋಡ್ತಾರೆ?"

"ನಾನು ನೋಡ್ತೀನಿ."

"ನಿಮಗೆ ಐವತ್ತು ದಾಟಿದೆ!"

"ಅದಕ್ಕೇ ಹೇಳ್ತಿರೋದು. ನಿಮಗಿಂತ ಮೊದಲಿಂದ ಅವನು ನನಗೆ ಗೊತ್ತು. ಮುಂದಿನ ಸಂಚಿಕೇಲಿ ಸರಿಯಾಗಿ ಬರೆಸ್ತೀನಿ ಅನ್ನಿ. ಅಲ್ಲೀವರೆಗೂ ನಾನು ಏಳಲ್ಲ."

ಅವನು ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟ. ಸಂಪಾದಕರಿಗೆ ಸಾಕಾಯಿತು. ಬಾಗಿಲ ಬಳಿ ನಿಂತಿದ್ದ ತಂಗಿಯ ಕಡೆ ತಿರುಗಿದರು.

"ನೀವಾದ್ರೂ ನಿಮ್ಮಣ್ಣಂಗೆ ಬುದ್ಧಿ ಹೇಳಿ ತಾಯಿ. ಇದು ಬರೀ ಚಿತ್ರ. ಕಾಮಿಕ್ಸ್ ನೋಡಿ ಯಾರಾದ್ರೂ ಮೇಲಿಂದ ಬೀಳೋ ಮಗೂನ ಹಿಡಿಯೋದು ಕಲೀತಾರಾ?"

"ನಮ್ಮಣ್ಣ ಕಲಿತಿದ್ದ ಸಾರ್" ಎಂದಳು ಆಕೆ. "ತಾರಸಿಯಿಂದ ಬಿದ್ದಿದ್ದು ನಾನು."